ಒಂಬೈನೂರ ತೊಂಬತ್ತು ಮಿಲಿಮೀಟರು

ಮನುಷ್ಯರ ಮಾತಿಗಿಂತ ಅಂಕಿಯನ್ನು ನಂಬುವುದು ಮೇಲು ಎಂಬ ಅಭಿಪ್ರಾಯ ನನ್ನಲ್ಲಿ ಬೇರೂರಲು ನಾನೇ ಕಾರಣ. ಕಾಲೇಜಿನಲ್ಲಿದ್ದಾಗ ಒಂದು ಚರ್ಚಾಸ್ಪರ್ಧೆಯಲ್ಲಿ ವಿಷಯದ ಪರವಾಗಿ ಮಾತನಾಡಿ ಬೆಳ್ಳಿಯ ಲೋಟವೊಂದನ್ನು ಗೆದ್ದೆ. ಮುಂದಿನ ತಿಂಗಳು ಇನ್ನೊಂದು ಕಾಲೇಜಿನಲ್ಲಿ ಅದೇ ವಿಷಯವನ್ನು ಅಷ್ಟೇ ಆವೇಶದಿಂದ ವಿರೋಧಿಸಿ ಅದರ ಜೊತೆಯ ಲೋಟವನ್ನೂ ತಂದೆ. ಎರಡೂ ಸಲ ನನ್ನ ಕಣ್ಣಲ್ಲಿ ನಿಜವಾದ ನೀರಿತ್ತು. ತನ್ನ ಬಾಯಿಂದ ಏನೇನು ಹೊರಡಬಲ್ಲದೆಂಬುದನ್ನು ಹೀಗೆ ಪ್ರತ್ಯಕ್ಷ ಕಂಡವನು ಮುಂದೆ ಯಾರ ಬಾಯನ್ನೂ ಸುಲಭವಾಗಿ ನಂಬಲಾರ. ಅಂಕಿಗೆ ಆ ದೋಷವಿಲ್ಲ. ಅದು ಕಣ್ಣೀರು ಹಾಕುವುದಿಲ್ಲ, ಲೋಟಕ್ಕೆ ಆಸೆಪಡುವುದಿಲ್ಲ, ಎದುರಿಗೆ ಕುಳಿತವರ ಮುಖ ನೋಡಿ ಏಳು ಎಂಟಾಗುವುದಿಲ್ಲ. ಸಮಾಜದ ಅರ್ಧ ಜಗಳಗಳು ವಿಶೇಷಣಗಳಿಂದ ಹುಟ್ಟುತ್ತವೆ, ಅಂಕಿಗಳು ಬಂದ ದಿನ ಅವು ತಾವಾಗಿ ಅಡಗುತ್ತವೆ ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ. ಈಗಲೂ ನಂಬುತ್ತೇನೆ, ಸ್ವಲ್ಪ ತಗ್ಗಿದ ಧ್ವನಿಯಲ್ಲಿ.

ತೊಂಬತ್ತರ ದಶಕದ ನಡುಭಾಗದಲ್ಲಿ ನಾನು ದೊಡ್ಡಬಳ್ಳಾಪುರದ ಒಂದು ರೇಷ್ಮೆ ನೇಕಾರರ ಸಹಕಾರ ಸಂಘಕ್ಕೆ ಕಾರ್ಯದರ್ಶಿಯಾಗಿದ್ದೆ. ಆ ಕುರ್ಚಿಯಲ್ಲಿ ಕುಳಿತ ಮೊದಲ ದಿನದಿಂದಲೇ ಸುಧಾರಣೆಗಳನ್ನು ಆರಂಭಿಸಿದ್ದೆ. ಸಭೆಗಳಲ್ಲಿ ಒಬ್ಬೊಬ್ಬರೂ ಮೂರೇ ನಿಮಿಷ ಮಾತನಾಡಬೇಕೆಂಬ ನಿಯಮ ತಂದೆ. ಸದಸ್ಯರು ಅದನ್ನು ಗೌರವದಿಂದ ಒಪ್ಪಿಕೊಂಡು, ಎಲ್ಲರೂ ಏಕಕಾಲದಲ್ಲಿ ಮೂರು ನಿಮಿಷ ಮಾತನಾಡತೊಡಗಿದರು. ಸಲಹಾ ಪೆಟ್ಟಿಗೆಯೊಂದನ್ನು ಗೋಡೆಗೆ ಜಡಿಸಿದೆ. ಅದರೊಳಗೆ ವರ್ಷಪೂರ್ತಿ ಬಂದ ಸಲಹೆ ಒಂದೇ, ಪೆಟ್ಟಿಗೆ ಬಾಗಿಲಿಗೆ ಅಡ್ಡವಾಗಿದೆ ಎಂಬುದು. ಇಂಥ ಅನುಭವಗಳಿಂದ ಎದೆಗುಂದದ ಜಾತಿಯವನು ನಾನು. ಆದರೆ ಸಂಘದ ಹಿತ್ತಿಲಿನ ಬಣ್ಣದ ಅಂಗಳಕ್ಕೆ ಮಾತ್ರ ನನ್ನ ಸುಧಾರಣೆ ಬಹಳ ದಿನ ಕಾಲಿಟ್ಟಿರಲಿಲ್ಲ. ಅದು ನಂಜುಂಡಪ್ಪನವರ ರಾಜ್ಯವಾಗಿತ್ತು.

ನಂಜುಂಡಪ್ಪನವರು ಸಂಘದ ಹಿರಿಯ ಬಣ್ಣಗಾರರು. ಅಂಗಳದಲ್ಲಿ ಐದು ತಾಮ್ರದ ಹಂಡೆಗಳಿದ್ದವು. ರೇಷ್ಮೆಯ ಲಡಿಗಳನ್ನು ಕುದಿಯುವ ಬಣ್ಣಕ್ಕೆ ಇಳಿಸಿ, ಎತ್ತಿ, ಹಿಂಡಿ, ಬಿದಿರಿನ ಗಳುಗಳ ಮೇಲೆ ಬಿಸಿಲಿಗೆ ಹರವಬೇಕು. ಹಸಿ ಬಣ್ಣದ ಮೇಲೆ ನಾಲ್ಕು ಮಳೆಹನಿ ಬಿದ್ದರೆ ಲಡಿಯ ತುಂಬ ಚುಕ್ಕೆ. ಆ ನೂಲನ್ನು ಮಗ್ಗಕ್ಕೆ ಏರಿಸುವಂತಿಲ್ಲ. ಆದ್ದರಿಂದ ಇಂದು ಬಣ್ಣ ಹಾಕಬೇಕೋ ಬೇಡವೋ ಎಂಬ ಮಾತನ್ನು ಪ್ರತಿದಿನ ಬೆಳಿಗ್ಗೆ ಒಬ್ಬರು ಹೇಳಬೇಕಾಗಿತ್ತು. ನಂಜುಂಡಪ್ಪನವರು ಅಂಗಳದ ನಡುವೆ ನಿಂತು ಒಂದು ಬಿಳಿಯ ಲಡಿಯನ್ನು ಕಿವಿಯ ಪಕ್ಕ ಹಿಡಿದು ತಿರುಚುತ್ತಿದ್ದರು. ಒಣ ಗಾಳಿಯಲ್ಲಿ ರೇಷ್ಮೆ ಕಿರ್ ಎನ್ನುತ್ತದೆ, ತೇವ ಬಂದರೆ ಮೂಕವಾಗುತ್ತದೆ. ಕೇಳಿಸಿದರೆ “ಇಳಿಸ್ರಪ್ಪಾ” ಎನ್ನುವರು. ಕೇಳಿಸದಿದ್ದರೆ ಬೀಡಿ ಹಚ್ಚುವರು. ಅಂಗಳದ ಕಟ್ಟಳೆ ಒಂದಿತ್ತು: ಮಾತು ಕೊಟ್ಟ ದಿನ ನೂಲು ಕೆಟ್ಟರೆ, ಮಾತು ಕೊಟ್ಟವನೇ ಅದನ್ನು ತನ್ನ ಕೈಯಿಂದ ಮತ್ತೆ ಹಂಡೆಗೆ ಇಳಿಸಿ ಇನ್ನೂ ಗಾಢವಾದ ಬಣ್ಣಕ್ಕೆ ತಿರುಗಿಸಬೇಕು. ಇಪ್ಪತ್ತೆರಡು ವರ್ಷಗಳಲ್ಲಿ ಅವರು ಹಾಗೆ ಎಷ್ಟು ಸಲ ತಿರುಗಿಸಿದ್ದರೋ. ಅವರ ಉಗುರುಗಳ ಬುಡ ಮಾತ್ರ ಯಾವಾಗಲೂ ಕಡು ನೇರಳೆ.

ಆ ವರ್ಷದ ದೀಪಾವಳಿಗೆ ಮುನ್ನ, ಅವರು “ಇಳಿಸ್ರಪ್ಪಾ” ಎಂದ ದಿನವೇ ಮೂರು ಗಂಟೆಗೆ ಮಳೆ ಬಂದು ಗಿಳಿಹಸಿರು ನೂಲಿನ ಒಂದು ದೊಡ್ಡ ಲಾಟು ಚುಕ್ಕೆಯಾಯಿತು. ಅದು ಗೋಪಾಲಪ್ಪನವರ ಲಾಟು. ಗೋಪಾಲಪ್ಪನವರು ಎಂಟು ವಿದ್ಯುತ್ ಮಗ್ಗಗಳ ಒಡೆಯರು, ಸಂಘದ ನಿರ್ದೇಶಕರು, ಕೋಪ ಬಂದರೆ ತೆಲುಗಿಗೆ ಜಾರುವವರು. ಸಮಿತಿಯ ಸಭೆಯಲ್ಲಿ ಅವರು ಅರ್ಧ ನಿಮಿಷ ತೆಲುಗಿನಲ್ಲಿ ಮಾತನಾಡಿ, ಬಳಿಕ ಸಮಾಧಾನ ತಂದುಕೊಂಡು ಕನ್ನಡಕ್ಕೆ ಬಂದರು.

“ನಂಜುಂಡಪ್ಪಂಗೆ ವಯಸ್ಸಾಯ್ತು ಸ್ವಾಮಿ. ಕಿವಿ ಮಂದ ಆಗೈತೆ. ನೂಲು ಕಿರ್ ಅಂತೋ, ಆವಯ್ಯನ ಮೊಣಕಾಲು ಕಿರ್ ಅಂತೋ, ಯಾರಿಗ್ ಗೊತ್ತು? ಹಾರ ಹಾಕಿ ಮನೇಗ್ ಕಳಿಸ್ಬಿಡಿ.”

ನಾನು ಎದ್ದು ನಿಂತೆ. ಆಕಾಶ ಎಸಗಿದ ಅಪರಾಧಕ್ಕೆ ಮನುಷ್ಯನನ್ನು ದಂಡಿಸುವುದು ಯಾವ ನ್ಯಾಯಶಾಸ್ತ್ರಕ್ಕೂ ಸಮ್ಮತವಲ್ಲವೆಂದು ಪ್ರತಿಪಾದಿಸಿದೆ.

“ಹಂಗಾದ್ರೆ ಆಕಾಶಕ್ಕೇ ನೋಟೀಸ್ ಕೊಡಿ,” ಎಂದರು ಗೋಪಾಲಪ್ಪ.

ನಂಜುಂಡಪ್ಪನವರು ಬಾಗಿಲ ಬಳಿ ಕೈ ಕಟ್ಟಿ ನಿಂತಿದ್ದರು. ಆ ಅಂಗಳವನ್ನು ಬಿಟ್ಟರೆ ಹಗಲನ್ನು ಕಳೆಯುವ ಬೇರೆ ಜಾಗವನ್ನೇ ಅರಿಯದ ಮನುಷ್ಯ. ಅವರ ಮುಖ ನೋಡಿ, ನಾನು ಇನ್ನೂ ಯಾರೊಡನೆಯೂ ಚರ್ಚಿಸಿರದ ಯೋಜನೆಯೊಂದನ್ನು ಸಭೆಯ ಮುಂದೆ ಇಟ್ಟುಬಿಟ್ಟೆ. ಇನ್ನು ಮುಂದೆ ಮಾತನ್ನು ಮನುಷ್ಯ ಕೊಡುವುದು ಬೇಡ, ಕಂಪ್ಯೂಟರು ಕೊಡಲಿ.

ಸಂಘಕ್ಕೆ ಯಾವುದೋ ಯೋಜನೆಯಲ್ಲಿ ಬಂದಿದ್ದ ಕಂಪ್ಯೂಟರೊಂದು ನನ್ನ ಕೊಠಡಿಯಲ್ಲಿ ಜರಿಯಂಚಿನ ಬಟ್ಟೆ ಹೊದ್ದು ಎರಡು ವರ್ಷದಿಂದ ವಿಶ್ರಮಿಸುತ್ತಿತ್ತು. ನನ್ನ ಭಾಮೈದ ಪ್ರಕಾಶ ನೆಲಮಂಗಲದ ಕಂಪ್ಯೂಟರ್ ತರಬೇತಿ ಶಾಲೆಯೊಂದರಲ್ಲಿ ಮೇಷ್ಟರು. ಬೆಂಗಳೂರಿನ ಒಂದು ಗಣಕ ಕೇಂದ್ರಕ್ಕೆ ದಿನವೂ ಬೆಳಿಗ್ಗೆ ದಕ್ಷಿಣದ ಊರುಗಳ ಹವಾಮಾನ ಸಂಕೇತಗಳ ರೂಪದಲ್ಲಿ ಬರುತ್ತದೆಂದೂ, ಮೋಡೆಮ್ ಎಂಬ ಸಣ್ಣ ಪೆಟ್ಟಿಗೆಯನ್ನು ಜೋಡಿಸಿದರೆ ಅದನ್ನು ಟೆಲಿಫೋನ್ ತಂತಿಯಿಂದ ನಮ್ಮ ಯಂತ್ರಕ್ಕೆ ಇಳಿಸಿಕೊಳ್ಳಬಹುದೆಂದೂ ಅವನು ಹಿಂದೊಮ್ಮೆ ಊಟದ ನಡುವೆ ಹೇಳಿದ್ದ. ನಾನು ಅದನ್ನು ರಾಷ್ಟ್ರದ ಭವಿಷ್ಯದ ಪ್ರಶ್ನೆಯಂತೆ ಸಭೆಗೆ ವಿವರಿಸಿದೆ. ಶಿವರಾತ್ರಿಯವರೆಗೆ ಪರೀಕ್ಷೆ ನಡೆಯಲೆಂದು ತೀರ್ಮಾನವಾಯಿತು. ಯಂತ್ರದ ಕಾಗದ ಹೇಳಿದಂತೆ ನಡೆಯಬೇಕು, ಯಾರೂ ಅದನ್ನು ಮೀರಬಾರದು. ಅಷ್ಟರೊಳಗೆ ಒಂದು ಲಾಟು ಕೆಟ್ಟರೂ ನಂಜುಂಡಪ್ಪನವರು ಮನೆಗೆ. ಈ ಕೊನೆಯ ಷರತ್ತನ್ನು ಸೇರಿಸಿದವರು ಗೋಪಾಲಪ್ಪ. ಭಾಷಣದ ಬಿಸಿಯಲ್ಲಿ ಅದಕ್ಕೆ ತಲೆಯಾಡಿಸಿದವನು ನಾನು.

ಪ್ರಕಾಶ ಎರಡು ಭಾನುವಾರ ಕುಳಿತು ಪ್ರೋಗ್ರಾಮ್ ಬರೆದ. ಮೋಡೆಮ್ಮು ಕೀಚು ದನಿಯಲ್ಲಿ ಅರಚಿ, ಗೊರಗುಟ್ಟಿ, ಕೊನೆಗೆ ಮೌನವಾದ ಕ್ಷಣ ಪರದೆಯ ಮೇಲೆ ಅಂಕಿಗಳ ಸಾಲುಗಳು ಇಳಿದವು. ಒಂದೊಂದು ಊರಿಗೆ ಒಂದೊಂದು ಸಾಲು. ಒಂದೊಂದು ಸಾಲಿನಲ್ಲಿ ಐದೈದು ಅಂಕಿಗಳ ಗುಂಪುಗಳು. ಒಂದು ಗುಂಪಿನಲ್ಲಿ ಗಾಳಿ, ಇನ್ನೊಂದರಲ್ಲಿ ಉಷ್ಣ, ಮತ್ತೊಂದರಲ್ಲಿ ವಾಯುಭಾರ. ಆರರಿಂದ ಆರಂಭವಾಗುವ ಗುಂಪು ಮಳೆಯದು. ಆರರ ಮುಂದಿನ ಮೂರು ಅಂಕಿಗಳೇ ಮಿಲಿಮೀಟರು.

“ಭಾವ, ಇದನ್ನ ನೀವ್ ಓದೋಕ್ ಹೋಗ್ಬೇಡಿ. ಇದು ಮನುಷ್ಯರು ಓದೋದಲ್ಲ, ಮಷಿನ್ ಓದೋದು,” ಎಂದ ಪ್ರಕಾಶ.

ಆದರೂ ಓದಿದೆ. ಅಷ್ಟು ಶುದ್ಧವಾದ ಗದ್ಯವನ್ನು ನಾನು ಜೀವನದಲ್ಲಿ ಕಂಡಿರಲಿಲ್ಲ. ‘ಹಿತವಾದ ತಂಗಾಳಿ’ ಎಂಬುದಿಲ್ಲ, ‘ಕರಾಳ ಮೋಡ’ ಎಂಬುದಿಲ್ಲ. ಒಂದು ಊರಿನ ಇಡೀ ಆಕಾಶ ಒಂದೂ ವಿಶೇಷಣವಿಲ್ಲದೆ ಒಂದು ಗೇಣಿನಲ್ಲಿ ಮುಗಿದುಹೋಗಿತ್ತು. ನಮ್ಮ ಸಭೆಗಳ ನಡಾವಳಿಯನ್ನೂ ಹೀಗೆ ಬರೆಯುವಂತಿದ್ದರೆ ಎಂದು ನಿಟ್ಟುಸಿರಿಟ್ಟೆ. ಯಂತ್ರ ಆ ಸಾಲುಗಳನ್ನು ತಾನೇ ಓದಿ, ಲೆಕ್ಕ ಹಾಕಿ, ಹತ್ತು ಗಂಟೆಯ ಹೊತ್ತಿಗೆ ಪ್ರಿಂಟರಿನಿಂದ ಕಟಕಟನೆ ಒಂದು ಕಾಗದ ಹೊರಡಿಸುತ್ತಿತ್ತು. ಅದರಲ್ಲಿ ಬೆಂಗಳೂರಿನ ಮಳೆ ಎಷ್ಟು, ಮದ್ರಾಸಿನದೆಷ್ಟು ಎಂಬ ಅಂಕಿ, ಕೆಳಗೆ ‘ಯೆಸ್’ ಅಥವಾ ‘ನೋ’. ನಂಜುಂಡಪ್ಪನವರು ತಮ್ಮ ಲಡಿಯನ್ನು ತಿರುಚಿ ನೋಡಿಕೊಂಡೇ ಕಿಟಕಿಗೆ ಬಂದು, “ಏನಂತೆ ಸ್ವಾಮಿ ನಿಮ್ ಪೆಟ್ಗೆ?” ಎಂದು ಕೇಳುವರು. ಹೆಚ್ಚಿನ ದಿನ ಲಡಿಗೂ ಪೆಟ್ಟಿಗೆಗೂ ಅಭಿಪ್ರಾಯಭೇದವಿರಲಿಲ್ಲ.

“ಮಾಗಿಲಿ ಮಳೆ ಬರಲ್ಲ ಅಂತ ನಮ್ಮನೆ ಎಮ್ಮೆನೂ ಹೇಳ್ತದೆ,” ಎಂದು ಗೋಪಾಲಪ್ಪ ಹೀಯಾಳಿಸಿದರು. ಅದಕ್ಕೆ ಉತ್ತರ ಡಿಸೆಂಬರಿನಲ್ಲಿ ದೊರೆಯಿತು. ಅಂದು ಅಂಗಳದ ತುಂಬ ಬಿಸಿಲು. ಲಡಿ ಕಿರ್ ಎನ್ನುತ್ತಿತ್ತು. ಕಾಗದ ಮಾತ್ರ ‘ನೋ’ ಎಂದಿತು. ಮದ್ರಾಸಿನ ಸಾಲಿನಲ್ಲಿ ಭಾರೀ ಮಳೆಯ ಅಂಕಿ ಇತ್ತು. ನಂಜುಂಡಪ್ಪನವರು ಗೊಣಗಿಕೊಂಡು ಹಂಡೆಗಳನ್ನು ಬೋರಲು ಹಾಕಿದರು. ಎರಡೂವರೆ ಗಂಟೆಗೆ ಮೂಡಲ ದಿಕ್ಕಿನಿಂದ ಮೋಡ ಬಂದು ಸಂಜೆಯವರೆಗೆ ಸುರಿಯಿತು. ಆ ಮಳೆಯನ್ನು ನೋಡುತ್ತ ನನ್ನ ಕಣ್ಣಲ್ಲಿ ಮತ್ತೆ ನಿಜವಾದ ನೀರು ಬಂತು.

ನಂಜುಂಡಪ್ಪನವರಿಗೆ ಆಗಿದ್ದ ಸಂತೋಷ ಬೇರೆಯದು. ಸೂರಿನಡಿ ನಿಂತು ಅವರು ಹೇಳಿದರು: “ಒಂದ್ ಮಾತ್ ಹೇಳ್ತೀನಿ, ನಗ್ಬೇಡಿ ಸ್ವಾಮಿ. ಇಪ್ಪತ್ತೆರಡು ವರ್ಷದಿಂದ ಬೆಳಗಿನ ತಿಂಡಿ ನಂಗೆ ಗಂಟಲಲ್ಲಿ ಇಳಿದಿದ್ದಿಲ್ಲ. ಏನ್ ಹೇಳ್ಬಿಡ್ತೀನೋ, ಏನ್ ಆಗ್ಬಿಡ್ತದೋ ಅಂತ. ಈಗ ನಾಕು ಮುದ್ದೆ ಬೇಕಾದ್ರೂ ಕೊಡ್ಲಿ.” ಅವರ ಪಾಲಿಗೆ ಯಂತ್ರ ಪ್ರತಿಸ್ಪರ್ಧಿಯಾದೀತೆಂದು ಅಂಜಿದ್ದವನು ನಾನು. ಅವರಿಗೆ ಅದು ಹೊರೆಗೆ ಹೆಗಲು ಕೊಟ್ಟ ಜೊತೆಗಾರನಾಗಿತ್ತು.

ಶಿವರಾತ್ರಿಗೆ ಇನ್ನು ಒಂಬತ್ತು ದಿನವಿತ್ತು. ಅಂದು ಬೆಳಿಗ್ಗೆ ಟೆಲಿಫೋನು ಸಿಕ್ಕಲೇ ಇಲ್ಲ. ಗೋಪಾಲಪ್ಪನವರದೇ ಕನಕಾಂಬರ ಬಣ್ಣದ ದೊಡ್ಡ ಲಾಟು ಕಾದಿತ್ತು. ಅವರ ಮಗ್ಗಗಳು ನಿಂತಿದ್ದವು. ಆಕಾಶ ತೊಳೆದಿಟ್ಟ ತಟ್ಟೆಯಂತಿತ್ತು. ನಂಜುಂಡಪ್ಪನವರು ಕಿಟಕಿಗೆ ಬಂದು, “ಇಳಿಸ್ಲಾ ಸ್ವಾಮಿ? ಹೊತ್ತಾಗ್ತದೆ,” ಎಂದರು. ಮೋಡೆಮ್ಮಿನೊಡನೆ ಹೆಣಗುತ್ತಿದ್ದ ನಾನು ಸರಿಯೆಂಬಂತೆ ಕೈಯಾಡಿಸಿದೆ. ಲಾಟು ಬಣ್ಣವುಂಡು ಹಂಡೆಯಿಂದ ಎದ್ದು, ಹನಿಯುತ್ತ ಗಳುಗಳ ಕಡೆ ಹೊರಡುವ ಹೊತ್ತಿಗೆ ತಂತಿ ಸಿಕ್ಕಿತು. ಪ್ರಿಂಟರು ಕಟಕಟಿಸಿತು. ಬೆಂಗಳೂರು, ಮಳೆ: 990 ಮಿಲಿಮೀಟರು. ನೋ.

ನಾನು ಅದನ್ನು ಮೂರು ಸಲ ಓದಿದೆ. ನಮ್ಮ ತಾಲ್ಲೂಕಿನಲ್ಲಿ ವರ್ಷವಿಡೀ ಬೀಳುವುದಕ್ಕಿಂತ ಹೆಚ್ಚಿನ ಮಳೆ, ನಮ್ಮಿಂದ ಒಂದು ಗಂಟೆಯ ಬಸ್ಸು ಹಾದಿಯಲ್ಲಿ ಒಂದೇ ರಾತ್ರಿ ಸುರಿದಿದೆ. ಯಾರಿಗಾದರೂ ಸಂಶಯ ಬರಬೇಕು, ನನಗೂ ಬಂತು. ಆದರೆ ತರಬೇತಾದ ಬುದ್ಧಿ ಸಂಶಯವನ್ನು ಸುಮ್ಮನೆ ಬಿಡುವುದಿಲ್ಲ, ಅದನ್ನು ವಾದವಾಗಿ ಬೆಳೆಸುತ್ತದೆ. ಈ ಅಂಕಿ ಸುಳ್ಳೆಂದು ನಾನೇ ಒಪ್ಪಿದರೆ ಉಳಿದ ಅಂಕಿಗಳೂ ಸಂಶಯಾಸ್ಪದವಾಗುತ್ತವೆ. ಅವು ಸಂಶಯಾಸ್ಪದವಾದರೆ ಪರೀಕ್ಷೆ ಬಿದ್ದುಹೋಗುತ್ತದೆ. ಪರೀಕ್ಷೆ ಬಿದ್ದರೆ ನಂಜುಂಡಪ್ಪನವರು ಹಾರ ಹಾಕಿಸಿಕೊಂಡು ಮನೆಗೆ ಹೋಗುತ್ತಾರೆ. ಆದ್ದರಿಂದ, ನಂಜುಂಡಪ್ಪನವರ ಹಿತದೃಷ್ಟಿಯಿಂದ, ಬೆಂಗಳೂರು ಮುಳುಗಿರಲೇಬೇಕು. ಈ ತರ್ಕದಲ್ಲಿ ಒಂದು ಬಿರುಕನ್ನೂ ಕಾಣದೆ ನಾನು ಅಂಗಳಕ್ಕೆ ಓಡಿದೆ.

“ಹರವಬೇಡಿ! ಎಲ್ಲವನ್ನೂ ಉಗ್ರಾಣಕ್ಕೆ ಒಯ್ಯಿರಿ!”

ನಂಜುಂಡಪ್ಪನವರು ಹಣೆಯ ಬೆವರು ಒರೆಸಿಕೊಂಡರು. “ಸ್ವಾಮಿ, ನೆತ್ತಿ ಸುಡ್ತಾ ಐತೆ ಬಿಸಿಲು.”

“ಡಿಸೆಂಬರಿನಲ್ಲೂ ಹೀಗೆಯೇ ಇತ್ತು.”

“ಹಸಿ ಲಡಿ ಗುಡ್ಡೆ ಹಾಕಿದ್ರೆ ಬಣ್ಣ ಹರಿದ್ಬಿಡ್ತದೆ. ಒಂದ್ ಗಂಟೆ ಬಿಡಿ, ಒಣಗ್ತದೆ.”

“ನಿಯಮ ನಿಯಮವೇ. ನಿಮ್ಮ ಸಲುವಾಗಿಯೇ ಹೇಳುತ್ತಿದ್ದೇನೆ.”

ಅವರು ನನ್ನ ಮುಖವನ್ನು ಒಂದು ಕ್ಷಣ ನೋಡಿದರು. ಬಳಿಕ ಕನಕಾಂಬರದ ಇಡೀ ಲಾಟನ್ನು ಬುಟ್ಟಿಗಳಲ್ಲಿ ತುಂಬಿಸಿ ಉಗ್ರಾಣದ ತಗಡಿನ ಸೂರಿನ ಕೆಳಗೆ ಇಡಿಸಿದರು.

ಬೆಂಗಳೂರು ಮುಳುಗಿತೆಂಬ ಸುದ್ದಿ ನನ್ನ ಕಾಗದದಿಂದ ಬೀದಿಗೆ ಇಳಿಯಲು ಹೆಚ್ಚು ಹೊತ್ತಾಗಲಿಲ್ಲ. ಜನ ಸೇರಿದರು. ಸಂಘದಲ್ಲಿ ನೂಲು ಸುತ್ತುವ ಸಾಕಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಬಂದಳು. ಅವಳ ತಂಗಿಯ ಮನೆ ಬೆಂಗಳೂರಿನ ತಗ್ಗಿನ ಬೀದಿಯಲ್ಲಿತ್ತು. “ಎಷ್ಟುದ್ದ ನೀರು ಸ್ವಾಮಿ?” ಎಂದು ಕೇಳಿದಳು. ಒಂದು ಮೀಟರಿಗೆ ಹತ್ತು ಮಿಲಿಮೀಟರು ಕಡಿಮೆ ಎಂದು ನಾನು ಸೊಂಟದ ಬಳಿ ಕೈಯಿಟ್ಟು ತೋರಿಸಿದೆ. ಅವಳು ಅಲ್ಲೇ ಕುಸಿದು ಅಳತೊಡಗಿದಳು. ಅಂಕಿಗೆ ಕಣ್ಣೀರಿಲ್ಲ ಎಂದು ಹೇಳಿದೆನಲ್ಲ. ಅದನ್ನು ಕೇಳಿದವರಿಗೆ ಇರುತ್ತದೆಂಬ ಅಂಶ ನನಗೆ ಆವರೆಗೆ ಹೊಳೆದಿರಲಿಲ್ಲ.

ಅಷ್ಟರಲ್ಲಿ ಬೆಂಗಳೂರಿನ ಬಸ್ಸು ಬಂತು. ಇಡೀ ಗುಂಪು ಅದನ್ನು ಮುತ್ತಿತು. ಬಸ್ಸಿನ ಚಕ್ರಗಳಲ್ಲಿ ಧೂಳಿತ್ತು. ಗೋಪಾಲಪ್ಪನವರು ಕಂಡಕ್ಟರನ್ನು ಇಳಿಸಿಕೊಂಡು, “ಏನಪ್ಪಾ, ಬೆಂಗ್ಳೂರಲ್ಲಿ ಮಳೆಯಂತೆ?” ಎಂದರು.

“ಯಾರ್ ಗುರು ಹೇಳಿದ್ದು? ಬೆಳಿಗ್ಗೆ ನಾಕ್ ಹನಿ ಉದುರ್ತು, ನನ್ ಟಿಕೆಟ್ ಪುಸ್ತಕನೂ ನೆನೀಲಿಲ್ಲ.”

ಸಾಕಮ್ಮ ಅಳು ನಿಲ್ಲಿಸಿ ನನ್ನನ್ನು ನೋಡಿದಳು. ಆ ನೋಟಕ್ಕೆ ಉತ್ತರ ಕೊಡುವ ಚರ್ಚಾಪಟು ಇನ್ನೂ ಹುಟ್ಟಿಲ್ಲ. ನಾನು ಒಳಗೆ ಹೋಗಿ ನೆಲಮಂಗಲಕ್ಕೆ ಫೋನು ಹಚ್ಚಿದೆ.

“ಅಯ್ಯೋ ಭಾವ!” ಎಂದ ಪ್ರಕಾಶ. “ಒಂಬೈನೂರ ತೊಂಬತ್ತು ಅನ್ನೋದು ಅಳತೆ ಅಲ್ಲ, ಗುರುತು. ಬಿದ್ದಿದೆ, ಆದ್ರೆ ಅಳೆಯೋಷ್ಟಿಲ್ಲ ಅಂತ. ಕೋಡ್ ಪುಸ್ತಕದಲ್ಲಿ ಅದೊಂದು ಸಾಲು ನನ್ ಕಣ್ ತಪ್ಪಿಹೋಗಿದೆ. ನೀವಾದ್ರೂ ಕಿಟಕಿ ಆಚೆ ಒಂದ್ಸಲ ನೋಡ್ಬಾರ್ದಿತ್ತಾ?”

ಅಳತೆಗೂ ಸಿಗದಷ್ಟು ಅಲ್ಪವನ್ನು ಸೂಚಿಸಲು ಜಗತ್ತಿನ ವಿಜ್ಞಾನಿಗಳು ಕೂಡಿ ಅಷ್ಟು ದೊಡ್ಡ ಸಂಖ್ಯೆಯನ್ನು ಆರಿಸಿಟ್ಟಿದ್ದರು. ಅದರಲ್ಲಿ ಅವರ ತಪ್ಪೇನೂ ಇಲ್ಲ. ಓದಬಲ್ಲ ಯಂತ್ರಗಳಿಗಾಗಿ ಅವರು ಬರೆದಿದ್ದರು. ನಡುವೆ ನಾವು ಸಿಕ್ಕಿಕೊಂಡೆವು.

ಮಧ್ಯಾಹ್ನ ಬುಟ್ಟಿಗಳನ್ನು ತೆಗೆದಾಗ ಕನಕಾಂಬರದ ಲಾಟಿನಲ್ಲಿ ಒಂದು ಕಡೆ ಅರಿಶಿನ, ಒಂದು ಕಡೆ ಇಟ್ಟಿಗೆ, ನಡುವೆ ಹೆಸರಿಲ್ಲದ ಹಲವು ಬಣ್ಣಗಳಿದ್ದವು. ಸಂಜೆಯೇ ಸಮಿತಿ ಸೇರಿತು. ನಾನು ನಾಲ್ಕು ಪುಟದ ಸಮರ್ಥನೆ ಬರೆದುಕೊಂಡು ಹೋಗಿದ್ದೆ. ಅದನ್ನು ಬಿಡಿಸುವ ಮುನ್ನವೇ ನಂಜುಂಡಪ್ಪನವರು ಬಾಗಿಲಿಂದ ಎರಡು ಹೆಜ್ಜೆ ಮುಂದೆ ಬಂದರು.

“ತಪ್ಪು ನಂದೇ. ಕಾಗದ ಬರೋಕ್ ಮುಂಚೆ ಇಳಿಸ್ದೋನು ನಾನು. ಬಿಸಿಲು ಕಂಡೂ ಸುಮ್ಕಿದ್ದೋನೂ ನಾನೇ. ಸ್ವಾಮಿಗಳು ಓದ್ಕೊಂಡೋರು, ಅವ್ರಿಗ್ ಬಣ್ಣದ ವಿಷ್ಯ ಏನ್ ಗೊತ್ತು? ನಾ ಹೊರಡ್ತೀನಿ.”

ನಾಲ್ಕು ಪುಟಗಳನ್ನು ಮಡಿಸಿ ಜೇಬಿಗೆ ಹಾಕಿದೆ. “ಇಲ್ಲ. ಇಳಿಸಲು ಕೈಯಾಡಿಸಿದವನು ನಾನು, ಹರವಬೇಡಿ ಎಂದವನೂ ನಾನು. ಅವರು ತಡೆದರು, ನಾನು ಕೇಳಲಿಲ್ಲ,” ಎಂದೆ. ನನ್ನ ಜೀವಮಾನದಲ್ಲಿ ನಾನು ಮಾಡಿದ ಅತ್ಯಂತ ಚಿಕ್ಕ ಭಾಷಣ ಅದು. ಅವರು “ಅಲ್ಲ ಸ್ವಾಮಿ, ನಂದು” ಎಂದರು. ನಾನು “ನಂಜುಂಡಪ್ಪನವರೇ, ನನ್ನ ತಪ್ಪನ್ನು ನೀವು ಕಿತ್ತುಕೊಳ್ಳಬೇಡಿ” ಎಂದೆ. ದನಿಗಳು ಏರಿದವು.

ಗೋಪಾಲಪ್ಪನವರು ತೆಲುಗಿಗೆ ಜಾರಿ, ಅಲ್ಲಿಯೂ ತಕ್ಕ ಮಾತು ಸಿಗದೆ ಹಿಂದಿರುಗಿದರು. “ಈ ಸಂಘದಲ್ಲಿ ತಪ್ಪು ನಿಂದು ಅಂತ ಹೊಡೆದಾಡ್ದೋರ್ನ ನೋಡಿದೀನಿ. ನಂದು ಅಂತ ಹೊಡೆದಾಡೋರ್ನ ಇವತ್ತೇ ಕಂಡಿದ್ದು. ಏಯ್, ಕೂತ್ಕೊಳ್ರಯ್ಯಾ ಇಬ್ರೂ! ಒಬ್ರು ಹೋದ್ರೆ ಇನ್ನೊಬ್ರನ್ನ ತಡ್ಕೊಳೋರ್ ಯಾರು? ನಾಳೆ ಇಬ್ರೂ ಹಂಡೆಗ್ ಇಳೀರಿ. ನನ್ ನೂಲನ್ನ ಏನಾದ್ರೂ ಒಂದೇ ಬಣ್ಣ ಮಾಡ್ಕೊಡಿ, ಅಷ್ಟೇ. ನಂಜುಂಡಪ್ಪ ಇರ್ಲಿ. ಪೆಟ್ಗೆನೂ ಇರ್ಲಿ. ಕಾಗದ ಆವಯ್ಯನ ಕೈಗೆ ಕೊಡಿ, ಮಾತು ಆವಯ್ಯನೇ ಹೇಳ್ಲಿ.”

ಮರುದಿನ ನಾನು ಪಂಚೆ ಎತ್ತಿ ಕಟ್ಟಿ, ನಂಜುಂಡಪ್ಪನವರ ಎದುರು ನಿಂತು ಕನಕಾಂಬರವನ್ನು ಕಡು ನೇರಳೆಗೆ ತಿರುಗಿಸಿದೆ. “ಹಂಗಲ್ಲ ಸ್ವಾಮಿ, ಮೈಕ್ ಹಿಡ್ದಂಗೆ ಹಿಡೀಬೇಡಿ, ಮಗೂನ ಎತ್ತಿದಂಗೆ ಎತ್ತಿ,” ಎಂದು ಅವರು ತಿದ್ದುತ್ತಿದ್ದರು. ಆ ಸೀರೆಗಳು ಚೆನ್ನಾಗಿಯೇ ಬಂದವೆಂದು ಗೋಪಾಲಪ್ಪ ಯಾರ ಮುಂದೆಯೂ ಒಪ್ಪಲಿಲ್ಲವಾದರೂ, ಯುಗಾದಿಗೆ ತಮ್ಮ ಹೆಂಡತಿಗೆ ಅದರಲ್ಲೇ ಒಂದನ್ನು ಉಡಿಸಿದರು. ನನ್ನ ಕೈಗಳು ಮೊಣಕೈವರೆಗೆ ಹದಿನೈದು ದಿನ ಅದೇ ಬಣ್ಣದಲ್ಲಿದ್ದವು. ಪ್ರಕಾಶ ಬಂದು ಪ್ರೋಗ್ರಾಮನ್ನು ತಿದ್ದಿದ. ಅಲ್ಲಿಂದ ಮುಂದೆ ಯಂತ್ರ ಒಮ್ಮೆಯೂ ತಪ್ಪು ಓದಲಿಲ್ಲವೆಂಬುದನ್ನು ನಾನು ನ್ಯಾಯದೃಷ್ಟಿಯಿಂದ ಇಲ್ಲಿ ದಾಖಲಿಸಬೇಕು.

ಪೆಟ್ಟಿಗೆಯಿದೆಯೆಂಬ ಧೈರ್ಯದಿಂದ ನಂಜುಂಡಪ್ಪನವರು ಆ ಬೇಸಿಗೆಯಲ್ಲಿ ಜೀವನದ ಮೊದಲ ರಜೆ ಕೇಳಿದರು. ಅನುಗೊಂಡನಹಳ್ಳಿಯಲ್ಲಿ ಮಗಳ ಮನೆಯಲ್ಲಿ ಮೊಮ್ಮಗುವಿನ ನಾಮಕರಣ. “ಒಂದ್ ದಿವ್ಸ ನೀವೇ ಮಾತ್ ಕೊಟ್ಬಿಡಿ ಸ್ವಾಮಿ, ಏನ್ ಮಹಾ?” ಎಂದು ಹೇಳಿ, ಹೊಸ ಅಂಗಿ ತೊಟ್ಟು ಬಸ್ಸು ಹತ್ತಿದರು. ನನ್ನ ಸುಧಾರಣೆಗಳಿಂದ ಒಬ್ಬ ಮನುಷ್ಯನಿಗಾದರೂ ಒಂದು ದಿನದ ಬಿಡುವು ದೊರೆಯಿತಲ್ಲ ಎಂದು ನಾನು ಹಿಗ್ಗಿದೆ.

ಮರುದಿನ ಬೆಳಿಗ್ಗೆ ಕಾಗದ ‘ಯೆಸ್’ ಎಂದಿತು. ಕಿಟಕಿಯಾಚೆ ನೋಡಿದೆ, ಆಕಾಶವೂ ಅದನ್ನೇ ಹೇಳಿತು. ಲಡಿಯನ್ನು ತಿರುಚಿದೆ, ಕಿರ್ ಎಂದಿತು. ಮೂವರು ಸಾಕ್ಷಿಗಳೂ ಒಂದೇ ನುಡಿಯುತ್ತಿದ್ದರು. ಅಂಗಳದಲ್ಲಿ ಆರು ಜನ ಹಂಡೆಗಳ ಪಕ್ಕ ನಿಂತು ನನ್ನ ಬಾಯನ್ನೇ ನೋಡುತ್ತಿದ್ದರು. ನನ್ನ ಗಂಟಲಿನಲ್ಲಿ ಬೆಳಗಿನ ಉಪ್ಪಿಟ್ಟು ನಿಂತಲ್ಲೇ ನಿಂತಿತ್ತು. ಹನ್ನೊಂದಾಯಿತು. ಹನ್ನೆರಡಾಯಿತು. ಕೊನೆಗೆ, “ಇವತ್ತು ಬೇಡ,” ಎಂದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಹಂಡೆಗಳನ್ನು ಬೋರಲು ಹಾಕಿ ಮನೆಗೆ ಹೋದರು. ಸಂಜೆಯವರೆಗೆ ಅಂಗಳದಲ್ಲಿ ಬಿಸಿಲು ಒಬ್ಬಂಟಿಯಾಗಿ ಕಾಯುತ್ತ ಬಿದ್ದಿತ್ತು.

ಬಾಗಿಲು ಹಾಕುವ ಮುನ್ನ ಯಂತ್ರದಲ್ಲಿ ಆ ದಿನದ ವಿವರ ತುಂಬಬೇಕಾಗಿತ್ತು. ಬಣ್ಣ ಹಾಕದ ದಿನಕ್ಕೆ ಕಾರಣವೇನೆಂದು ಪ್ರೋಗ್ರಾಮು ಕೇಳುತ್ತಿತ್ತು. ಮಾತಿನಲ್ಲಿ ಬರೆಯುವಂತಿಲ್ಲ, ಅಂಕಿ ಒತ್ತಬೇಕು. ಒಂದು ಎಂದರೆ ಮಳೆ, ಎರಡು ಎಂದರೆ ಹಬ್ಬ, ಮೂರು ಎಂದರೆ ಸೌದೆಯಿಲ್ಲ, ನಾಲ್ಕು ಎಂದರೆ ನೂಲಿಲ್ಲ. ಕಾರ್ಯದರ್ಶಿಗೆ ಧೈರ್ಯ ಬರಲಿಲ್ಲ ಎಂಬುದಕ್ಕೆ ಪ್ರಕಾಶ ಸಂಕೇತ ಕೊಟ್ಟಿರಲಿಲ್ಲ. ಸುತ್ತ ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು ನಾನು ಒಂದನ್ನು ಒತ್ತಿದೆ: ಮಳೆ. ಯಂತ್ರ ಮರುಮಾತಿಲ್ಲದೆ ನಂಬಿತು.